ಬೀಗರ ಹಿತ್ತಲಿನ ದಾಸವಾಳ

ಕುಡಿಯುವ ಗಂಡ, ಇಸ್ಪೀಟಾಡುವ ಗಂಡ, ಇಂಥವರನ್ನು ಕಟ್ಟಿಕೊಂಡವರಿಗೆ ಊರಿನವರ ಕನಿಕರವಾದರೂ ಸಿಗುತ್ತದೆ. ಗಿಡದ ಹುಚ್ಚಿನ ಗಂಡನನ್ನು ಕಟ್ಟಿಕೊಂಡ ನನ್ನಂಥವಳಿಗೆ ಅದೂ ಇಲ್ಲ. "ಎಷ್ಟು ಒಳ್ಳೇ ಅಭ್ಯಾಸ ಕಣ್ರೀ!" ಎಂದು ಹೊಗಳಿ, ಒಂದು ಲೋಟ ಕಾಫಿ ಕುಡಿದು ಹೋಗುತ್ತಾರೆ. ನಮ್ಮ ಮುಳಬಾಗಿಲಿನಲ್ಲಿ ನಲ್ಲಿಗೆ ನೀರು ಬರುವುದೇ ವಾರಕ್ಕೊಮ್ಮೆ. ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು ಎಲ್ಲವನ್ನೂ ಗಿಡಗಳಿಗೆಂದು ನಾನು ಹಿಡಿದಿಡಬೇಕು. ಒಡೆದ ಬಕೆಟ್ಟು, ಎಣ್ಣೆ ಡಬ್ಬ, ಹಿಡಿ ಕಳಚಿದ ನನ್ನ ಕುಕ್ಕರು, ಎಲ್ಲದರಲ್ಲೂ ಏನಾದರೊಂದು ಚಿಗುರುತ್ತಿರುತ್ತದೆ. ಮಹಡಿಯ ಮೇಲೆ ಹಪ್ಪಳ ಒಣಗಿಸಲು ಜಾಗವಿಲ್ಲದೆ ಮಂಚದ ಮೇಲೆ ಹರವಿದ್ದೇನೆ.

ನರ್ಸರಿಯಿಂದ ಕೊಂಡು ತಂದಿದ್ದರೆ ಇಷ್ಟು ಬೇಜಾರಿರಲಿಲ್ಲ. ನಮ್ಮವರದು ಬೇಟೆ. ಕೇಳಿ ತಂದ ಕಡ್ಡಿ ಬೇರು ಬಿಡುವುದಿಲ್ಲ, ಕದ್ದು ತಂದದ್ದೇ ಹತ್ತುವುದು ಎಂದು ನಮ್ಮ ಕಡೆ ಒಂದು ನಂಬಿಕೆಯಿದೆಯಲ್ಲ, ಅದನ್ನು ಇವರು ವ್ರತದಂತೆ ಪಾಲಿಸುತ್ತಾರೆ. ಕೋಲಾರದ ರಸ್ತೆಯಲ್ಲಿ ಸ್ಕೂಟರ್ ತಟ್ಟನೆ ನಿಂತರೆ ಪೆಟ್ರೋಲ್ ಮುಗಿಯಿತೇನೋ ಎಂದು ನಾನು ಗಾಬರಿಯಾಗುವುದಿಲ್ಲ; ಯಾರದೋ ಬೇಲಿ ಕಣ್ಣಿಗೆ ಬಿದ್ದಿರುತ್ತದೆ. ಒಮ್ಮೆ ತಾಯಲೂರಿನ ನೆಂಟರೊಬ್ಬರ ವೈಕುಂಠ ಸಮಾರಾಧನೆಗೆ ಹೋದವರು ಪಂಚೆಯ ಮಡಿಕೆಯಲ್ಲಿ ಕಣಗಿಲೆ ಕಡ್ಡಿ ಇಟ್ಟುಕೊಂಡು ಬಂದರು.

"ಸತ್ತವರ ಮನೇನೂ ಬಿಡಲಿಲ್ವಲ್ರೀ!" ಎಂದೆ.

"ಬದುಕಿದ್ದಾಗ ಆಯಪ್ಪ ಒಂದು ದಿನ ನನ್ನ ಅದರ ಹತ್ರ ಬಿಟ್ಕೊಂಡಿದ್ರೇನೇ?" ಎಂದರು.

ಹೀಗಿರುವಾಗ ಮಗಳು ಸುಮಾಳಿಗೆ ಮಾಲೂರಿನ ಸಂಬಂಧ ಬಂತು. ಬಂದ ಗಂಡುಗಳಿಗೆಲ್ಲ ಮೂಗು ಮುರಿಯುತ್ತಿದ್ದವಳು ಈ ಹುಡುಗನನ್ನು ನೋಡಿ ಸುಮ್ಮನೆ ನಕ್ಕಳು. ಜಾತಕವೂ ಕೂಡಿತು. ನಾವಿಬ್ಬರು ಹೋಗಿ ಗಂಡಿನ ಮನೆ ನೋಡಿಕೊಂಡು ಬರುವುದಷ್ಟೇ ಬಾಕಿ. ಈ ಸಂಬಂಧ ತಪ್ಪಿದರೆ ಅವಳ ಮುಖ ಹೇಗೆ ನೋಡುವುದೆಂದು ನನಗೆ ಭಯ. ಅವರ ಮನೆಯ ಒಂದು ಕಡ್ಡಿಯನ್ನೂ ಮುಟ್ಟುವುದಿಲ್ಲವೆಂದು ಬಸ್ಸು ಹತ್ತುವ ಮೊದಲೇ ಇವರಿಂದ ಆಣೆ ಮಾಡಿಸಿಕೊಂಡೆ.

ಹುಡುಗನ ಮನೆಯಲ್ಲಿ ಊಟವಾಯಿತು. ಕೈ ತೊಳೆಯಲು ಹಿತ್ತಲಿಗೆ ಹೋದ ಮಹಾರಾಯರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಹಳದಿ ದಾಸವಾಳದ ಮುಂದೆ, ಕೈಯಲ್ಲಿ ಗೇಣುದ್ದದ ಕಡ್ಡಿ ಹಿಡಿದು ನಿಂತಿದ್ದಾರೆ.

"ಆಣೆ ಏನಾಯ್ತು?"

"ಅದು ಮನೆ ಒಳಗಿಂದಕ್ಕೆ ಕಣೇ. ಇದು ಹಿತ್ತಲು."

ಅಷ್ಟರಲ್ಲಿ ಹುಡುಗನ ತಂದೆ ಕೆಮ್ಮುತ್ತಾ ಇತ್ತಲೇ ಬರುವ ಸದ್ದಾಯಿತು. ನಾನು ಕಡ್ಡಿಯನ್ನು ಕಿತ್ತುಕೊಂಡು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದೆ. ನನ್ನ ಸಮಯಸ್ಫೂರ್ತಿಯನ್ನು ನಾನೇ ಮೆಚ್ಚಿಕೊಂಡೆ.

ಹೊರಡುವಾಗ ಹುಡುಗನ ತಾಯಿ ಮಣೆ ಹಾಕಿ ನನ್ನನ್ನು ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ ಅಕ್ಕಿ ಕೈಗೆತ್ತಿಕೊಂಡು, "ಸೆರಗು ಒಡ್ಡಮ್ಮಾ" ಎಂದರು. ಮಡಿಲು ತುಂಬುವಾಗ ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ದೇವರ ಮೇಲೆ ಭಾರ ಹಾಕಿ ಸೆರಗು ಬಿಚ್ಚಿದೆ. ಕಡ್ಡಿ, ಎರಡು ಮೊಗ್ಗಿನ ಸಮೇತ, ಮಣೆಯ ಮೇಲೆ ಬಿತ್ತು.

"ಇದೇಮಿಟಮ್ಮಾ?" ಆಕೆಗೆ ಗಾಬರಿಯಾದರೆ ತೆಲುಗೇ ಬರುತ್ತದೆಂದು ಆಗ ತಿಳಿಯಿತು. ನಾನು ನಮ್ಮವರ ಮುಖ ನೋಡಿದೆ. ಆ ಪುಣ್ಯಾತ್ಮ ನನಗಿಂತ ಹೆಚ್ಚು ಬೆರಗಾಗಿ, "ಏನೇ ಇದು! ಕೇಳಿದ್ರೆ ಅವರು ಕೊಡ್ತಿರಲಿಲ್ವಾ?" ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಕೆ ಕಡ್ಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದನ್ನೆತ್ತಿ ತೆಂಗಿನಕಾಯಿಯ ಪಕ್ಕದಲ್ಲೇ ನನ್ನ ಮಡಿಲಿಗೆ ಹಾಕಿ, "ಇದು ನೀವು ತಗೊಂಡೋಗಿ. ಹುಡುಗೀನ ನಮಗೆ ಕೊಡಿ" ಎಂದುಬಿಟ್ಟರು. ನನಗೆ ಅಳು ಬಂತು. ಸಂತೋಷಕ್ಕೋ ಸಿಟ್ಟಿಗೋ ಇವತ್ತಿಗೂ ಗೊತ್ತಿಲ್ಲ.

ಮದುವೆ ಚೆನ್ನಾಗಿ ನಡೆಯಿತು, ಮಗಳು ಸುಖವಾಗಿದ್ದಾಳೆ. ಆದರೆ ಬೀಗಿತ್ತಿ ಕಂಡಕಂಡವರಿಗೆಲ್ಲ, "ಸುಮಾ ತಾಯಿಗೆ ಗಿಡ ಅಂದ್ರೆ ಪ್ರಾಣ. ಪಾಪ, ಆಯಪ್ಪ ಒಂದು ಎಲೆ ಮುಟ್ಟಲ್ಲ" ಎನ್ನುತ್ತಾರೆ. ಬೇರೆಯವರಿಗೆ ಬೀಗರ ಮನೆಯಿಂದ ಗೌರಿ ಹಬ್ಬಕ್ಕೆ ಸೀರೆ ಬಂದರೆ ನನಗೆ ಬರುವುದು ಕುಂಡ. ಮೊನ್ನೆ ಹಾಗೆ ಬಂದ ಗುಲಾಬಿಗೆ ನೀರು ಹಾಕಿ ಎಂದರೆ, ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಅದು ನಿನ್ನ ಗಿಡ ಕಣೇ, ನೀನೇ ಹಾಕ್ಕೋ" ಎಂದರು. ಮಗಳ ಅತ್ತೆ ಬಂದಾಗ ಅದು ಒಣಗಿರಬಾರದಲ್ಲ, ಹಾಕಿದೆ.