ಮಲಾವಿಗೆ ಹೊರಟ ಕೋಟೆ ಬೀದಿ

ಗೌರೀಶನ ಹೆಬ್ಬೆರಳಿಗೆ ತಾಳ್ಮೆ ಕಡಿಮೆ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಏನೇ ಬರಲಿ, ಓದುವ ಮೊದಲೇ ಅದರ ಕೆಳಗೊಂದು ಹೆಬ್ಬೆರಳಿನ ಚಿತ್ರ ಒತ್ತಿಬಿಡುತ್ತಿದ್ದ. ಶುಭೋದಯಕ್ಕೂ ಒತ್ತುತ್ತಿದ್ದ, ನೀರಿನ ಮೋಟರು ಸುಟ್ಟ ಸುದ್ದಿಗೂ ಒತ್ತುತ್ತಿದ್ದ. ಹದಿನೈದು ದಿನದ ಹಿಂದೆ ಹಾಗೆ ಒತ್ತಿದ್ದೊಂದು ಈಗ ತಲೆಗೆ ಸುತ್ತಿಕೊಂಡಿತು.

ಆ ಬೆಳಿಗ್ಗೆ ಹಾಸನದ ಕಂಪನಿಯಲ್ಲಿ ಅವನು ರಜೆ ಚೀಟಿ ಹಿಡಿದು ಹೋದಾಗ, ಸಿಬ್ಬಂದಿ ವಿಭಾಗದ ತೇಜಶ್ರೀ ಮೇಡಂ ಸಹಿ ಹಾಕುವ ಬದಲು ಫೋನು ಮುಂದೆ ಹಿಡಿದರು.

“ಆಫ್ರಿಕದ ಮಲಾವಿ ದೇಶದ ಸ್ಕೂಲ್ ಮಕ್ಕಳಿಗೆ ಕಂಪನಿ ಕಡೆಯಿಂದ ಕತೆ ಪುಸ್ತಕ ಕಳಿಸ್ತಿದೀವಿ. ನಿಮ್ಮ ಸ್ಟೋರ್ಸ್ ವಿಭಾಗದ ಪರವಾಗಿ ಐವತ್ತು ಇಂಗ್ಲಿಷ್ ಪುಸ್ತಕ ಯಾರು ತರ್ತೀರಿ ಅಂತ ಕೇಳಿದ್ದೆ. ಇದು ಯಾರ ಹೆಬ್ಬೆರಳು ಗೌರೀಶ್?”

“ನಂದೇ ಮೇಡಂ.”

“ಲಾರಿ ಇವತ್ತು ನಾಲ್ಕಕ್ಕೆ ಹೊರಡುತ್ತೆ. ಪುಸ್ತಕ ಬರಲಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ನಾಳೆ ರಜೆ ಇಲ್ಲ, ನೀವೇ ಅಂಗಡಿ ಅಂಗಡಿ ಸುತ್ತಿ ತಂದು ಕೊರಿಯರ್ ಮಾಡಿ.”

ನಾಳೆ ಎಂಬುದು ಆಗುವ ಮಾತಲ್ಲ. ನಾಳೆ ಹನ್ನೊಂದಕ್ಕೆ ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಅವನ ಹೆಂಡತಿ ನಾಗಲಕ್ಷ್ಮಿಯ ಹಾಡುಗಾರಿಕೆ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವಳು ನಾಲ್ಕು ಸಲ ವೇದಿಕೆ ಹತ್ತಿದ್ದಳು. ನಾಲ್ಕು ಸಲವೂ ಗೌರೀಶ ಆಫೀಸಿನಲ್ಲಿದ್ದ. ಈ ಸಲ ಅವಳು ಕೇಳಿದ್ದು ಇಷ್ಟೇ: “ನೀವು ಏನೂ ಮಾಡ್ಬೇಡಿ. ಮುಂದಿನ ಸಾಲಲ್ಲಿ ಕೂತ್ಕೊಂಡು ಕೇಳಿ, ಸಾಕು.” ಅಷ್ಟನ್ನೂ ಮಾಡದ ಗಂಡ ಇದ್ದೇನು ಪ್ರಯೋಜನ ಎಂದು ಅವನಿಗೂ ಅನ್ನಿಸಿತ್ತು.

ಬೈಕು ಹತ್ತಿ ಹೊಳೆನರಸೀಪುರದ ಕೋಟೆ ಬೀದಿಗೆ ಬಂದ. ಎದುರುಮನೆಯ ದೊಡ್ಡತಾಯಮ್ಮ ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಏನ್ಲಾ ಗೌರೀಸ, ಒತ್ತಲ್ಲದ ಒತ್ನಲ್ಲಿ ಬಂದ್ಬುಟ್ಟೆ?”

ಗೌರೀಶ ಕಷ್ಟ ಹೇಳಿಕೊಂಡ.

“ಫಾರಿನ್ ಮಕ್ಳಿಗಾ! ಅದಕ್ಯಾಕ್ ಇಂಗೆ ಮಕ ಸಪ್ಪಗ್ ಮಾಡ್ಕಂಡಿದ್ದೀಯ? ನಮ್ ಮೊಮ್ಮಗುಂದು ಒಂದ್ ಮೂಟೆ ಐತೆ ಕಣ, ತಕ್ಕೊ.”

ಮೂಟೆಯಲ್ಲಿ ಹದಿಮೂರು ಸಿಕ್ಕವು. ಅಷ್ಟರಲ್ಲಿ ಪಕ್ಕದ ಮನೆಯ ಬಸವಲಿಂಗಮ್ಮ ಹೊರಗೆ ಬಂದರು. “ಅವರು ಎಷ್ಟು ಕೊಟ್ರಪ್ಪಾ?” ಎಂದು ಕೇಳಿ, ಒಳಗೆ ಹೋಗಿ ಹದಿನೈದು ತಂದರು. ದೊಡ್ಡತಾಯಮ್ಮ ಗೌರೀಶನನ್ನೇ ಅಟ್ಟ ಹತ್ತಿಸಿ ಇನ್ನೂ ಆರು ಇಳಿಸಿದರು. ಉಳಿದ ಮನೆಗಳೂ ಹಟಕ್ಕೆ ಬಿದ್ದು, ಎರಡು ಗಂಟೆಗೆ ಜಗುಲಿಯ ಮೇಲೆ ಎಪ್ಪತ್ತಾಗಿತ್ತು. ಗೌರೀಶನಿಗೆ ತನ್ನ ಬೀದಿಯ ಮೇಲೆ ಪ್ರೀತಿ ಉಕ್ಕಿ ಬಂತು.

“ಎಲ್ಲಾ ಸರಿ ಕಣ್ಲಾ, ಎಸ್ರು?” ಎಂದರು ದೊಡ್ಡತಾಯಮ್ಮ.

“ಹೆಸರೇನೂ ಬೇಡ್ವಂತೆ ದೊಡ್ಡತಾಯಮ್ಮಾ.”

“ಬ್ಯಾಡ್ವಾ? ಕೊಟ್ಟೋರ್ ಯಾರು ಅಂತ ಆ ಕೂಸ್ಗಳಿಗೆ ಎಂಗ್ ಗೊತ್ತಾಗ್ಬೇಕು?”

ಕೋಟೆ ಬೀದಿ ಹೆಸರು ಹಾಕಿಸದೆ ಒಂದು ಲೋಟವನ್ನೂ ಯಾರಿಗೂ ಕೊಟ್ಟಿಲ್ಲ. ದೇವಸ್ಥಾನಕ್ಕೆ ದೊಡ್ಡತಾಯಮ್ಮ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಮೂರು ತಲೆಮಾರಿನ ಹೆಸರಿದ್ದು, ದೇವರಿಗೆ ಎರಡು ಬೆರಳಗಲ ಬೆಳಕು ಮಾತ್ರ ಬೀಳುತ್ತದೆ. ಈಗ ಪೆನ್ನುಗಳು ಹೊರಬಂದವು. ಬಸವಲಿಂಗಮ್ಮ ಪೆನ್ನನ್ನು ನಂಬದೆ ದಪ್ಪ ಮಾರ್ಕರ್ ತಂದರು. ನಿವೃತ್ತ ಪೋಸ್ಟ್‌ಮ್ಯಾನ್ ರಂಗಸ್ವಾಮಿ, ವಿಳಾಸ ಅಪೂರ್ಣವಾಗಬಾರದೆಂದು, ಎಲ್ಲದಕ್ಕೂ ಪಿನ್ ಕೋಡ್ ಸೇರಿಸಿದರು. ಗೌರೀಶ ಒಬ್ಬರ ಕೈ ಹಿಡಿದರೆ ಅವನ ಬೆನ್ನ ಹಿಂದೆ ಇನ್ನಿಬ್ಬರು ಬರೆಯುತ್ತಿದ್ದರು.

ನಾಲ್ಕಕ್ಕೆ ಹತ್ತು ನಿಮಿಷ ಬಾಕಿ ಇರುವಾಗ ಅವನು ಹಾಸನ ಮುಟ್ಟಿದ. ಮೇಡಂ ಆನೆಯ ಚಿತ್ರವಿದ್ದ ಪುಸ್ತಕವೊಂದನ್ನು ತೆರೆದರು. “ಶ್ರೀಮತಿ ದೊಡ್ಡತಾಯಮ್ಮ, ಲೇಟ್ ಕೆಂಚಯ್ಯನವರ ಧರ್ಮಪತ್ನಿ, ಮಕ್ಕಳು ಮತ್ತು ಸೊಸೆಯಂದಿರ ಸೇವಾರ್ಥ.” ಇನ್ನೊಂದು ಆನೆಯ ಬೆನ್ನ ಮೇಲೆ ಬಸವಲಿಂಗಮ್ಮನ ಇಡೀ ಸಂಸಾರ ಕೂತಿತ್ತು.

“ಪುಸ್ತಕದ ಮೇಲೆ ಏನೂ ಬರೀಬಾರದು ಅಂತ ಮೆಸೇಜಲ್ಲೇ ಇತ್ತಲ್ಲ ಗೌರೀಶ್! ಇವು ಹೋಗಲ್ಲ.”

ಗೌರೀಶ ರಬ್ಬರು ತಂದು ಉಜ್ಜಿದ. ಆನೆ ಅಳಿಸಿಹೋಯಿತು, ಬಸವಲಿಂಗಮ್ಮ ಹೋಗಲಿಲ್ಲ.

ಅದೇ ಹೊತ್ತಿಗೆ ಮುಂಬಯಿಯಿಂದ ಬಂದಿದ್ದ ದೊಡ್ಡ ಸಾಹೇಬರು ಒಳಗೆ ಬಂದರು. ಕನ್ನಡ ಬಾರದ ಆ ಮನುಷ್ಯ ಪುಟ ಪುಟ ತಿರುವಿ, ಇದೇನು ಬರೆದಿರುವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಆಶೀರ್ವಾದ ಸರ್,” ಎಂದುಬಿಟ್ಟ ಗೌರೀಶ. “ನಮ್ಮ ಬೀದಿ ತಾಯಂದಿರು ಬರೆದದ್ದು.”

ಸಾಹೇಬರ ಕಣ್ಣು ತುಂಬಿತು. ಉಳಿದ ವಿಭಾಗದವರು ಅಂಗಡಿಯಿಂದ ಕಟ್ಟುಗಟ್ಟಲೆ ಕೊಂಡು ತಂದಿದ್ದಾರೆ, ಇಲ್ಲಿ ಒಂದೊಂದು ಮಗುವನ್ನೂ ಒಬ್ಬೊಬ್ಬ ತಾಯಿ ಹರಸಿದ್ದಾಳೆ, ಈತನಿಗೆ ಏನು ಬೇಕೋ ಕೊಡಿ ಎಂದರು. ಗೌರೀಶ ರಜೆ ಕೇಳಿದ. ಮೇಡಂ ಸಹಿ ಹಾಕಿದರು. ಚೀಟಿ ಜೇಬಿಗಿಟ್ಟು ಅವನು ಬಾಗಿಲು ದಾಟುವಷ್ಟರಲ್ಲಿ ಸಾಹೇಬರು ವಾಪಸು ಕರೆದರು. ನಾಳೆ ಹನ್ನೊಂದಕ್ಕೆ ಮಲಾವಿಯ ಶಾಲೆಯ ಜೊತೆ ವಿಡಿಯೊ ಮಾತುಕತೆ. ಒಂದೆರಡು ಪುಸ್ತಕ ಇಲ್ಲೇ ಇರಲಿ, ಆ ತಾಯಂದಿರೇ ಬಂದು ಆಶೀರ್ವಾದಗಳನ್ನು ಓದಬೇಕು. ಕಂಪನಿ ಬಸ್ಸು ಕಳಿಸೋಣ.

ಪಿನ್ ಕೋಡ್ ಇರುವ ಆಶೀರ್ವಾದ ಓದಿದರೆ ಸುಳ್ಳು ಅಲ್ಲೇ ಬಯಲು! ಆದರೆ ಗೌರೀಶನಿಗೆ ಅದು ಹೊಳೆಯಲೂ ಇಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ ಅವನು ಮೇಲಿನವರಿಗೆ ಎದುರಾಡಿದ.

“ಆಗಲ್ಲ ಸರ್. ಅದೇ ಹೊತ್ತಿಗೆ ನನ್ನ ಹೆಂಡತಿ ರುದ್ರಪಟ್ಟಣದಲ್ಲಿ ಹಾಡ್ತಾಳೆ. ನಮ್ಮ ಬೀದಿ ಪೂರ್ತಿ ಅಲ್ಲಿರುತ್ತೆ. ನಾನೂ ಅಲ್ಲೇ ಇರ್ಬೇಕು.”

ಸಾಹೇಬರು ಎದ್ದು ಬಂದು ಅವನ ಬೆನ್ನು ತಟ್ಟಿದರು. ಅವರಿಗೆ ಸಂಗೀತವೆಂದರೆ ಪ್ರಾಣವಂತೆ. ಹಾಗಿದ್ದರೆ ಎಲ್ಲರೂ ರುದ್ರಪಟ್ಟಣಕ್ಕೇ ಹೋಗೋಣ, ಮಲಾವಿಯ ಜೊತೆ ಅಲ್ಲಿಂದಲೇ ಮಾತಾಡೋಣ ಎಂದರು.

ಮೇಡಂ ಗೌರೀಶನ ಕೈಯಿಂದ ರಜೆ ಚೀಟಿ ತೆಗೆದುಕೊಂಡು ಹರಿದರು. “ರಜೆ ಯಾಕೆ ಗೌರೀಶ್? ನಾಳೆ ನೀವು ಡ್ಯೂಟಿ ಮೇಲೆ ಹೋಗ್ತಿದೀರ.”

ಸಂಜೆ ಅವನು ಮನೆಗೆ ಫೋನು ಮಾಡಿದ.

“ಬರ್ತೀರಾ?” ಎಂದಳು ನಾಗಲಕ್ಷ್ಮಿ.

“ಬರ್ತೀನಿ. ಮುಂದಿನ ಸಾಲಲ್ಲಿ ಸಾಹೇಬರು ಕೂತ್ಕೋತಾರಂತೆ.”

“ನೀವು?”

“ಹೊರಗೆ ಮರದಡಿ. ಲ್ಯಾಪ್‌ಟಾಪ್ ಹಿಡ್ಕೊಂಡು, ನಿನ್ನ ಹಾಡು ಮುಗಿಯೋವರೆಗೂ ಮಲಾವಿ ಮಕ್ಕಳನ್ನ ಸುಧಾರಿಸ್ತಿರ್ಬೇಕು.”

ಬೈಗುಳಕ್ಕೆ ಗೌರೀಶ ಕಿವಿ ಗಟ್ಟಿ ಮಾಡಿಕೊಂಡ.

“ಹೋಗ್ಲಿ ಬಿಡಿ,” ಎಂದಳು ನಾಗಲಕ್ಷ್ಮಿ. “ಸ್ವಲ್ಪ ಜೋರಾಗೇ ಹಾಡ್ತೀನಿ. ಹೊರಗೂ ಕೇಳ್ಸುತ್ತೆ.”

ನಾಳೆಯ ಮಾತುಕತೆಗೆಂದು, ಎರಡೂ ಕಿವಿ ಮುಚ್ಚುವಂಥ ದೊಡ್ಡ ಹೆಡ್‌ಫೋನೊಂದನ್ನು ಮೇಡಂ ಆಗಲೇ ಅವನ ಚೀಲಕ್ಕೆ ಹಾಕಿದ್ದರು. ಆ ವಿಷಯ ಅವನು ಹೆಂಡತಿಗೆ ಹೇಳಲಿಲ್ಲ.