ಅಮ್ಮನಿಗೆ ಗೊತ್ತಾಗಬಾರದ ಕಾಲು

ಕೃತಕ ಕಾಲು ಮಾಡುವ ಜಾಗದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ವಿದ್ಯಾನಗರದ ಅಂಥದೊಂದು ಕೇಂದ್ರದಲ್ಲಿ, ಹೊಸ ಕಾಲು ಹಾಕಿಕೊಂಡವರಿಗೆ ನಡೆಯುವುದನ್ನು ಕಲಿಸುತ್ತಿದ್ದವಳು ನಾನು. ಮುಖ ಗಂಟಿಕ್ಕಿಕೊಂಡು ಕೆಲಸಕ್ಕೆ ಹೋದರೂ ಸಂಜೆಯೊಳಗೆ ಏನಾದರೊಂದು ಆಗಿ ನನ್ನ ಗತ್ತೆಲ್ಲ ಇಳಿಯುತ್ತಿತ್ತು.

ಎರಡು ಸಾವಿರನೇ ಇಸವಿಯ ಈಚೆಗೆ ಒಂದು ವರ್ಷ, ಯುದ್ಧ ಮುಗಿದ ದೂರದ ಬೆಟ್ಟದ ದೇಶದಿಂದ ಐದು ಜನ ಬಂದರು. ನೆಲಬಾಂಬಿಗೆ ಒಂದೊಂದು ಕಾಲು ಕಳೆದುಕೊಂಡವರು. ಅವರಲ್ಲೊಬ್ಬರು ಶಾಲೆ ಮಾಸ್ತರು, ಸಿನಿಮಾ ನೋಡಿ ನೋಡಿ ಹಿಂದಿ ಕಲಿತಿದ್ದರು.

೧. ಎಷ್ಟು ಹೆಜ್ಜೆ?

ಕಾಲು ಯಾವ ಕೆಲಸಕ್ಕೆ ಬೇಕು ಎಂದು ಮೊದಲೇ ಕೇಳುವುದು ನಮ್ಮ ಪದ್ಧತಿ. ಒಬ್ಬರು ಹೊಲಕ್ಕೆ ಎಂದರು, ಒಬ್ಬರು ಸೈಕಲ್ಲಿಗೆ. ಮಾಸ್ತರು ತಲೆ ತಗ್ಗಿಸಿದರು.

"ಕಾಲು ಹೋದದ್ದು ಅಮ್ಮನಿಗೆ ತಿಳಿಸಿಲ್ಲ. ಸಣ್ಣ ಗಾಯ ಅಂತ ಬರೆದಿದ್ದೇನೆ. ಗೊತ್ತಾದರೆ ತಡೆದುಕೊಳ್ಳಲಾರಳು. ಬಸ್ಸಿಳಿದು ಮನೆ ಬಾಗಿಲವರೆಗೆ ಕುಂಟದೆ ನಡೆಯಬೇಕು. ಇನ್ನೂರು ಹೆಜ್ಜೆ."

ನಾನು ಚೀಟಿಯಲ್ಲಿ ಇನ್ನೂರು ಎಂದು ಬರೆದುಕೊಂಡೆ. ಕಾಲು ತಯಾರಿಸುವ ನಮ್ಮ ಮಿಸ್ತ್ರಿ ಕಾಕಾ ಅಳತೆಪಟ್ಟಿ ಸುತ್ತುತ್ತ ಹೇಳಿದರು:

"ಅಕ್ಕಾರ, ಮುನ್ನೂರು ಕಲಸ್ರಿ. ಅವ್ವ ಬಾಗಲದಾಗ ನಿಂತಿರ್ತಾಳಂತ ಏನು ಖಾತ್ರಿ? ಅಡಗಿಮನ್ಯಾಗೂ ಇರಬಹುದು."

೨. ಬೂಟಿನ ತಪ್ಪು

ಮೂರು ವಾರದ ಮೇಲೆ ರಸ್ತೆಗಿಳಿದೆವು. ಮುಂಜಾನೆ ತಿರುಗಾಡಲು ಬಂದಿದ್ದ ಅಜ್ಜರೊಬ್ಬರು ಮಾಸ್ತರ ನಡಿಗೆ ನೋಡಿ ನಿಂತೇಬಿಟ್ಟರು.

"ಹೊಸಾ ಬೂಟು ಕಚ್ಚಾಕತ್ತಾವೇನ್ರಿ ಸಾಹೇಬ್ರ? ಕೊಬ್ರಿ ಎಣ್ಣಿ ಹಚ್ರಿ."

ನಾನು ಅದನ್ನು ಮಾಸ್ತರಿಗೆ ಹಿಂದಿಯಲ್ಲಿ ಹೇಳಿದೆ. ಬೂಟಿನ ಮೇಲಷ್ಟೇ ಅನುಮಾನ, ಕಾಲಿನ ಮೇಲಲ್ಲ! ಮಾಸ್ತರು ಅಜ್ಜರ ಎರಡೂ ಕೈ ಹಿಡಿದುಕೊಂಡರು, ಕಣ್ಣು ತುಂಬಿತ್ತು. ಮರುದಿನ ಅಜ್ಜ ಎಣ್ಣೆ ಶೀಶೆಯನ್ನೇ ತಂದು ಎದುರು ನಿಂತರು. ಮಾಸ್ತರು ಕಾಲುಚೀಲದೊಳಗೆ ಬೆರಳು ತೂರಿಸಿ ರಬ್ಬರ್ ಹಿಮ್ಮಡಿಗೆ ಎಣ್ಣೆ ಸವರಿದರು.

"ಈಗ ಉರಿ ಐತೇನ್ರಿ?" ಎಂದರು ಅಜ್ಜ.

"ಒಂದಿಷ್ಟೂ ಇಲ್ಲ" ಎಂದರು ಮಾಸ್ತರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

೩. ಚಪ್ಪಲಿ ಸಾಲಿನಲ್ಲಿ

ಮಾಸ್ತರು ಊರಿಗೆ ಹೊರಡುವ ಹಿಂದಿನ ದಿನ ಕಾಕಾ ಅವರನ್ನೂ ನನ್ನನ್ನೂ ಕಮರಿಪೇಟೆಯ ತಮ್ಮ ಮನೆಗೆ ಊಟಕ್ಕೆ ಕರೆದರು. ಬಾಗಿಲಲ್ಲಿ ಕಾಕಾ, ನಾನು ಚಪ್ಪಲಿ ಬಿಟ್ಟೆವು. ರಬ್ಬರ್ ಪಾದದಿಂದ ಬೂಟು ಬೇಗ ಕಳಚುವುದಿಲ್ಲ. ಬೂಟು ಹಾಕಿಕೊಂಡು ಒಳಗೆ ಹೋದರೆ ಮರ್ಯಾದೆಯಲ್ಲ ಎಂದು ಮಾಸ್ತರು ಕಾಲನ್ನೇ ಬಿಚ್ಚಿ ಚಪ್ಪಲಿ ಸಾಲಿನಲ್ಲಿ ಇಟ್ಟು, ಗೋಡೆ ಹಿಡಿದು ಕುಪ್ಪಳಿಸುತ್ತ ಒಳಗೆ ಬಂದರು.

ನೀರು ತರಲು ಹೊರಟ ಕಾಕಾರ ತಾಯಿ ಅದನ್ನು ಕಂಡರು. ಚೀರಿಯಾರು ಎಂದು ನಾನು ಎದ್ದೆ. ಅವರು ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಸೆರಗಿನಿಂದ ಒರೆಸಿ, ಒಳಗೆ ತಂದು ಮಗನಿಗೆ ಬೈದರು:

"ಬುದ್ಧಿ ಐತಿಲ್ಲೋ ನಿನಗ? ಓಣ್ಯಾಗಿನ ನಾಯಿ ಚಪ್ಪಲ್ಲನ ಬಿಡೂದಿಲ್ಲ, ಇದನ್ನ ಬಿಡ್ತಾವೇನು?"

೪. ಕಾಗದ

ತಿಂಗಳಾದ ಮೇಲೆ ಮಾಸ್ತರ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು, ಕಾಕಾರಿಗೆ ನಾನು ಓದಿ ಹೇಳಿದೆ.

"ಇನ್ನೂರು ಹೆಜ್ಜೆ, ಎಲ್ಲೂ ಕುಂಟಲಿಲ್ಲ. ಅಮ್ಮ ಅಪ್ಪಿಕೊಂಡಳು, ಏನೂ ಕೇಳಲಿಲ್ಲ. ಗೆದ್ದೆ ಅಂದುಕೊಂಡೆ. ಮೂರನೇ ದಿನ ಚಹಾ ಕೊಡುತ್ತ, 'ಯಾವ ಕಾಲು ಹೋಯಿತು, ತೋರಿಸು' ಅಂದಳು. ಹೇಗೆ ತಿಳಿಯಿತು ಅಂದೆ. 'ಮೂವತ್ತು ವರ್ಷ ಕಾಲೆಳೆದುಕೊಂಡು ಸೊಟ್ಟಸೊಟ್ಟ ನಡೆದವನು ನೀನು. ಎಷ್ಟು ಬೈದರೂ ತಿದ್ದಿಕೊಳ್ಳಲಿಲ್ಲ. ಈಗ ಸಿಪಾಯಿ ಹಾಗೆ ನೆಟ್ಟಗೆ ನಡೆದು ಬಂದರೆ ನನಗೆ ಗೊತ್ತಾಗುವುದಿಲ್ಲವೇ?' ಅಂದಳು. ಇಬ್ಬರೂ ಅತ್ತೆವು. ಆಮೇಲೆ ಇಬ್ಬರೂ ನಕ್ಕೆವು. ಅಮ್ಮ ಚೆನ್ನಾಗಿದ್ದಾಳೆ."

ಕಾಕಾ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಆಮೇಲೆ ಕಾಕಾ ಅಂದರು:

"ಕಾಲು ಬಾಳ ಛಲೋ ಆಗೇತಂತ ತಕರಾರು ಬಂದದ್ದು ಇದ ಮೊದಲ ನೋಡ್ರಿ ಅಕ್ಕಾರ. ಇನ್ನ ಮ್ಯಾಲ ಅಳತಿ ತಗೊಳ್ಳೂಕಿಂತ ಮೊದಲ ಅವರವ್ವಗ ಒಂದು ಮಾತು ಕೇಳೂಣ್ರಿ, ಎಷ್ಟು ಸೊಟ್ಟ ಇಡಬೇಕಂತ."