ಸಾಕ್ಷಿಗೆ ಇಬ್ಬರು ಬೇಕು

ಆ ಶನಿವಾರ ಬೆಳಿಗ್ಗೆ ಗಜಕಡ್ಡಿಯ ಅಂಗಡಿಯಲ್ಲಿ ಹೊಲಿಯುವ ಬಟ್ಟೆಗೇನೂ ಬರವಿರಲಿಲ್ಲ. ಬರವಿದ್ದದ್ದು ಸಹಿ ಹಾಕುವ ಇಬ್ಬರು ಮನುಷ್ಯರಿಗೆ.

ಗಜಕಡ್ಡಿ ದರ್ಜಿ. ಉದ್ದಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದುದರಿಂದ ಬಂದ ಹೆಸರು. ಹೆಂಡತಿಯೊಬ್ಬಳನ್ನು ಬಿಟ್ಟು ಬೀದಿಯೆಲ್ಲ ಹಾಗೆಯೇ ಕರೆಯುತ್ತಿತ್ತು. ಕಳೆದ ಭಾನುವಾರ ಚರ್ಚಿನಲ್ಲಿ ಪಾದ್ರಿಗಳು, "ನಮ್ಮದು ಅಂದುಕೊಳ್ಳೋದೆಲ್ಲ ದೇವರದು. ನಾವು ಬರೀ ಮನೆವಾರ್ತೆ ನೋಡಿಕೊಳ್ಳೋರು. ಬೀಗದ ಕೈ ಯಾರಿಗೆ ಅಂತ ಹೇಳದೆ ಹೊರಟುಹೋಗೋನು ಎಂಥ ಮನೆವಾರ್ತೆಯವನು?" ಎಂದು ಕೇಳಿ, ಬಾಗಿಲಲ್ಲಿ ನಿಂತು ಎಲ್ಲರ ಕೈಗೂ ಒಂದೊಂದು ಉಯಿಲಿನ ಫಾರಂ ಕೊಟ್ಟಿದ್ದರು. ಶನಿವಾರ ಸಂಜೆಯ ಪ್ರಾರ್ಥನೆಗೆ ತುಂಬಿ ತರಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಉಯಿಲಿನಲ್ಲಿ ಏನಾದರೂ ಸಿಗುವವರು ಮಾತ್ರ ಸಾಕ್ಷಿ ಹಾಕುವಂತಿಲ್ಲ.

ಉಳಿದವರು ಫಾರಮನ್ನು ಹಾಡಿನ ಪುಸ್ತಕದೊಳಗೆ ಮಡಚಿಟ್ಟು ಮರೆತರು. ಗಜಕಡ್ಡಿಗೆ ಮಾತ್ರ ಮಾತು ನಾಟಿತು. ಅದಕ್ಕೆ ಕಾರಣ ಅವನ ಅಪ್ಪನ ಕಾಲದ ಹೊಲಿಗೆ ಮೆಷಿನ್ನು. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿಯ ತಮ್ಮ ಗುಜರಿ ವ್ಯಾಪಾರಿ. ಬಂದಾಗಲೆಲ್ಲ ಎಮ್ಮೆ ಕೊಳ್ಳುವವನ ಹಾಗೆ ಮೆಷಿನ್ನಿನ ಬೆನ್ನು ತಟ್ಟಿ, "ಒಳ್ಳೇ ತೂಕ ಇದೆ ಭಾವ" ಎನ್ನುತ್ತಿದ್ದ. ತಾನು ಕಣ್ಣು ಮುಚ್ಚಿದ ಮರುದಿನವೇ ಅಪ್ಪನ ಮೆಷಿನ್ನು ತಕ್ಕಡಿ ಏರುತ್ತದೆಂದು ನೆನೆದರೆ ಗಜಕಡ್ಡಿಗೆ ಊಟ ಸೇರುತ್ತಿರಲಿಲ್ಲ. ಚರ್ಚಿನ ಹಿಂದಿನ ಕೋಣೆಯಲ್ಲಿ ನಾಲ್ವರು ವಿಧವೆಯರು ಒಂದೇ ಮೆಷಿನ್ನಿಗೆ ಸರದಿ ಕಾದು ಹೊಲಿಗೆ ಕಲಿಯುತ್ತಿದ್ದರು. ಅಪ್ಪನ ಮೆಷಿನ್ನು ಅವರಿಗೆ ಸೇರಲಿ, ಉಳಿದದ್ದೆಲ್ಲ ಹೆಂಡತಿಗೆ ಎಂದು ಬರೆದ.

ಹಾಗಾಗಿ ಹೆಂಡತಿ ಸಾಕ್ಷಿ ಹಾಕುವಂತಿರಲಿಲ್ಲ. ಹೊಲಿಗೆ ಕ್ಲಾಸು ನಡೆಸುವ ಪಾದ್ರಿಗಳೂ ತಾವು ಹಾಕುವುದು ಸರಿಯಲ್ಲವೆಂದರು. ಗಜಕಡ್ಡಿ ಎದುರಿನ ಸೆಲೂನಿಗೆ ಹೋದ.

"ಸಹಿ ತಾನೆ? ಕೊಡು ಇಲ್ಲಿ" ಎಂದು ಸೆಲೂನಿನವನು ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಪೆನ್ನು ಹಿಡಿದ. ಹಿಡಿದವನು ತಡೆದ. "ಸಾಕ್ಷಿ ಹಾಕಿದೋನಿಗೆ ಏನೂ ಬರಲ್ಲ, ಅಲ್ವಾ?"

"ಹೌದು."

"ಅಂದ್ರೆ ನನಗೆ ಏನೂ ಬರೆದಿಲ್ಲ."

ಗಜಕಡ್ಡಿ ಫಾರಮಿನ ಮೂಲೆ ನೇವರಿಸಿದ.

"ಇಪ್ಪತ್ತು ವರ್ಷ ನಿನ್ನ ಕುತ್ತಿಗೆ ಮೇಲೆ ಕತ್ತಿ ಆಡಿಸಿದ್ದೀನಿ. ಒಂದು ದಿನ ಗೀರು ಬಿದ್ದಿದೆಯಾ? ಹೋಗ್ಲಿ ಬಿಡು, ನಾನು ಕೇಳೋನಲ್ಲ. ನಿನ್ನ ಅಂಗಡಿ ನಿಲುವುಗನ್ನಡಿ ನನ್ನ ಗೋಡೆಗೆ ಹೇಳಿ ಮಾಡಿಸಿದ ಹಾಗಿದೆ ಅಂತ ಗಿರಾಕಿಗಳು ಅಂತಾರೆ, ಅಷ್ಟೆ."

ಅರ್ಧ ಗಡ್ಡದ ಗಿರಾಕಿ ಹೌದೆಂದು ತಲೆಯಾಡಿಸಿದ.

ಗಜಕಡ್ಡಿ ದಾಕ್ಷಿಣ್ಯದ ಪ್ರಾಣಿ. ಕನ್ನಡಿ ಸೆಲೂನಿನವನಿಗೆ ಎಂದು ನಿಂತಲ್ಲೇ ಸೇರಿಸಿದ. ಸೆಲೂನಿನವನು ಅದನ್ನು ಓದಿ, ಕಣ್ಣೊರೆಸಿಕೊಂಡು, ಪೆನ್ನು ವಾಪಸು ಕೊಟ್ಟ.

"ಈಗ ನಾನು ಸಹಿ ಹಾಕೋ ಹಾಗಿಲ್ಲವಲ್ಲಪ್ಪ. ಪಾದ್ರಿಗಳು ಹೇಳಿದ್ದು ಕೇಳಿಸ್ಕೊಂಡಿಲ್ವಾ?"

ಅಲ್ಲಿಂದ ನಿವೃತ್ತ ಹೆಡ್‌ಮಾಸ್ತರ ಮನೆ. ಅವರು ಕೆಂಪು ಪೆನ್ನಿನಿಂದ ಮೂರು ಒತ್ತಕ್ಷರ ತಿದ್ದಿ, ಕನ್ನಡಿಯ ಸಾಲಿಗೆ ಬಂದು ನಿಂತರು.

"ಗಡ್ಡ ಕೆರೆದವನಿಗೆ ಕನ್ನಡಿ. ಮಗ್ಗಿ ಬಾಯಿಪಾಠ ಮಾಡಿಸಿದವನಿಗೆ ಬರೀ ಸಾಕ್ಷಿ. ಇರಲಿ. ನನ್ನ ಸೊಂಟ ನೋವಿಗೆ ನಿನ್ನ ಮನೇಲಿರೋ ಅಂಥ ಆರಾಮಕುರ್ಚಿ ಒಳ್ಳೇದು ಅಂತ ಡಾಕ್ಟರು ಹೇಳಿದ್ರು. ಅವರ ಮಾತು ಬಿಡು."

ಉಯಿಲಿನಲ್ಲಿ ಆರಾಮಕುರ್ಚಿ ಹೆಡ್‌ಮಾಸ್ತರಿಗೆ ಹೋಯಿತು. ಅವರ ಸಹಿಯೂ ಹೋಯಿತು.

ಬೇಕರಿ ಅಕ್ಕನ ಹತ್ತಿರ ಗಜಕಡ್ಡಿ ಬಾಯಿ ತೆರೆಯುವ ಮೊದಲೇ ಅವಳು, "ನನಗೆ ಇಸ್ತ್ರಿಪೆಟ್ಟಿಗೆ ಒಂದಿದ್ರೆ ಸಾಕು" ಎಂದುಬಿಟ್ಟಳು. ಬಾಯಿಂದ ಬಾಯಿಗೆ ಸುದ್ದಿ ದಪ್ಪವಾಗುತ್ತ ಮಧ್ಯಾಹ್ನದ ಹೊತ್ತಿಗೆ ಗಜಕಡ್ಡಿಗೆ ಡಾಕ್ಟರು ವಾಯಿದೆ ಕೊಟ್ಟಿದ್ದಾರೆಂದು ಬೀದಿ ತೀರ್ಮಾನಿಸಿತ್ತು. ಅವನು ಅಂಗಡಿಗೆ ಮರಳಿದಾಗ ಯಾರೋ ಇಬ್ಬರು ಅವನದೇ ಟೇಪು ಹಿಡಿದು ಅವನ ಬೀರುವಿನ ಅಗಲ ಅಳೆಯುತ್ತಿದ್ದರು.

"ಹುಷಾರಾಗಿದ್ದೀರಾ?" ಎಂದು ಒಬ್ಬ ಕೇಳಿದ.

"ಚೆನ್ನಾಗಿದ್ದೀನಿ."

"ಛೆ, ಪಾಪ" ಎಂದ ಇನ್ನೊಬ್ಬ.

ಮೂರು ಗಂಟೆಗೆ ಭಾವಮೈದನೇ ಬಂದ. ಬರಿಗೈಯಲ್ಲಲ್ಲ, ತಳ್ಳುಗಾಡಿ ಸಮೇತ. "ಮೈಗೆ ಹುಷಾರಿಲ್ವಂತೆ ಭಾವ" ಎಂದು ಮೆಷಿನ್ನನ್ನು ನೋಡಿಕೊಂಡೇ ವಿಚಾರಿಸಿದ. ಗಜಕಡ್ಡಿ ಮೆಷಿನ್ನಿಗೆ ಅಡ್ಡ ನಿಂತ. ಸಂಜೆಯ ಪ್ರಾರ್ಥನೆಗೆ ಎರಡೇ ಗಂಟೆ ಉಳಿದಿತ್ತು. ಉಯಿಲಿನ ತುಂಬ ಬೀದಿಯವರ ಹೆಸರಿತ್ತು, ಸಹಿ ಒಂದೂ ಇರಲಿಲ್ಲ.

ಆಗ ಸೆಲೂನಿನವನು ಹೆಡ್‌ಮಾಸ್ತರನ್ನು ಕರೆದುಕೊಂಡು ಬಂದು ದಾರಿ ತೋರಿಸಿದ. "ಉಯಿಲಿನಿಂದ ಬಂದ್ರೆ ತಾನೆ ತೊಡಕು? ಈಗಲೇ ಕೊಟ್ಟುಬಿಡು. ನಮ್ಮ ಹೆಸರು ಹೊಡೆದು ಹಾಕು. ಆಮೇಲೆ ನಾವಿಬ್ಬರೂ ಅಪ್ಪಟ ಸಾಕ್ಷಿಗಳು."

"ಎಲ್ಲ ದೇವರದು ಅಂದಮೇಲೆ ಸಾಯೋವರೆಗೂ ಯಾಕೆ ಕಾಯಬೇಕು?" ಎಂದರು ಹೆಡ್‌ಮಾಸ್ತರು.

ಗಜಕಡ್ಡಿ ಮೆಷಿನ್ನಿನ ಕಡೆ ನೋಡಿ ಒಪ್ಪಿದ. ಗಜಕಡ್ಡಿಯ ಹೆಂಡತಿಗೆ ಸಿಕ್ಕಿದ್ದ ಖಾಲಿ ಫಾರಮಿನ ಮೇಲೆ ಹೆಡ್‌ಮಾಸ್ತರು ದುಂಡಗಿನ ಅಕ್ಷರದಲ್ಲಿ ಮೆಷಿನ್ನು ವಿಧವೆಯರಿಗೆ, ಉಳಿದದ್ದು ಹೆಂಡತಿಗೆ ಎಂದು ಎರಡೇ ಸಾಲು ಬರೆದರು. ಗಜಕಡ್ಡಿ ಸಹಿ ಹಾಕಿದ, ಅವರಿಬ್ಬರೂ ಹಾಕಿದರು. ಕನ್ನಡಿ ರಸ್ತೆ ದಾಟಿತು. ಆರಾಮಕುರ್ಚಿ ಭಾವಮೈದನ ತಳ್ಳುಗಾಡಿ ಏರಿ ಹೆಡ್‌ಮಾಸ್ತರ ಮನೆಗೆ ಹೊರಟಿತು. ಆಸೆಯಿಂದ ಕಾದಿದ್ದ ಬೇಕರಿ ಅಕ್ಕನನ್ನು ನೋಡಲಾಗದೆ ಇಸ್ತ್ರಿಪೆಟ್ಟಿಗೆಯನ್ನೂ ಕೊಟ್ಟ.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಎಂದಳು ಹೆಂಡತಿ. "ನನಗೆ ಅಂತ ಬರೆದಿದ್ದೆಲ್ಲ ಹೋಯ್ತಲ್ರೀ."

"ಅಪ್ಪನ ಮೆಷಿನ್ನು ಉಳೀತಲ್ಲೇ" ಎಂದ ಗಜಕಡ್ಡಿ.

ಸಂಜೆ ಪ್ರಾರ್ಥನೆಯಲ್ಲಿ ಬಂದದ್ದು ಅವನದೊಂದೇ ಉಯಿಲು. ಪಾದ್ರಿಗಳು ಅದನ್ನು ಎತ್ತಿ ಹಿಡಿದು, "ನಂಬಿಗಸ್ತನಾದ ಮನೆವಾರ್ತೆಯವನು ಅಂದ್ರೆ ಇವನು" ಎಂದರು. ಹಿಂದಿನ ಬೆಂಚಿನಲ್ಲಿದ್ದ ನಾಲ್ವರು ಹೆಂಗಸರು ಅವನತ್ತ ತಿರುಗಿ ನಕ್ಕರು. ಗಜಕಡ್ಡಿ ಇನ್ನೂ ಎರಡು ಅಂಗುಲ ಉದ್ದವಾದ. ಉಳಿದವರೆಲ್ಲ ನಾಚಿಕೊಂಡು ಹಾಡಿನ ಪುಸ್ತಕದಿಂದ ತಂತಮ್ಮ ಫಾರಂ ತೆಗೆದು ಅಲ್ಲೇ ಬರೆಯತೊಡಗಿದರು.

ಅವನು ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಸಾಲು ನಿಂತಿತ್ತು.

"ನನ್ನ ಉಯಿಲಿಗೆ ನೀನೇ ಸಾಕ್ಷಿ ಹಾಕ್ಬೇಕು" ಎಂದ ಸೆಲೂನಿನವನು.

"ನನ್ನದಕ್ಕೂ" ಎಂದರು ಹೆಡ್‌ಮಾಸ್ತರು. ಬೇಕರಿ ಅಕ್ಕ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು.

ಗಜಕಡ್ಡಿಗೆ ಜೀವನದಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ. ಒಂದು, ಎರಡು, ಮೂರು ಎಂದು ಖುಷಿಯಿಂದ ಸಹಿ ಹಾಕುತ್ತ ಹೋದ. ಐದನೆಯದು ಭಾವಮೈದನದು. ಅಲ್ಲಿ ಅವನ ಪೆನ್ನು ನಿಂತಿತು. ತಲೆಯೆತ್ತಿ ಉಳಿದ ಸಾಲನ್ನು ನೋಡಿದ. ಇಪ್ಪತ್ತಾದರೂ ಜನರಿದ್ದರು.

"ಇಷ್ಟು ಜನಕ್ಕೂ ನಾನೇ ಯಾಕೆ?" ಎಂದು ಮೆಲ್ಲಗೆ ಕೇಳಿದ.

"ಏನೂ ಸಿಗದೇ ಇರೋನು ಬೇಕಲ್ವಾ?" ಎಂದ ಸೆಲೂನಿನವನು. "ಹುಡುಕಿದ್ವಿ. ಎಲ್ಲರ ಉಯಿಲಲ್ಲೂ ಹೆಸರಿಲ್ಲದೋನು ನೀನೊಬ್ಬನೇ ಸಿಕ್ಕಿದ್ದು."

ಗಜಕಡ್ಡಿ ಒಂದೊಂದಾಗಿ ಸಹಿ ಮುಗಿಸಿ ಕೂರಲು ಮೆಟ್ಟಿಲ ಅಂಚು ಹುಡುಕಿದ. ಮನೆಯಲ್ಲಿ ಕುರ್ಚಿಯಿಲ್ಲದ್ದು ನೆನಪಾಯಿತು. ಅಷ್ಟರಲ್ಲಿ ಸಾಲಿನ ಕೊನೆಯಲ್ಲಿದ್ದವರು ಅವನ ಮುಂದೆ ಬಂದು, ಕನ್ನಡಕ ಸರಿಮಾಡಿಕೊಂಡು, ಮಡಚಿದ ಫಾರಮೊಂದನ್ನು ಸಂಕೋಚದಿಂದ ಚಾಚಿದರು. ಪಾದ್ರಿಗಳು.

ಗಜಕಡ್ಡಿ ಕಾಗದವನ್ನು ಕಂಬಕ್ಕೆ ಒತ್ತಿ ಹಿಡಿದು ಅದಕ್ಕೂ ಸಹಿ ಹಾಕಿಕೊಟ್ಟ.